ಅಂಚಿನಲ್ಲಿ ನಿಂತ ಮಕ್ಕಳು ಆಟಕ್ಕೆ ಬಂದ ಬಗೆ

ಹದಿಹರೆಯದ ಮಕ್ಕಳಿಗೆ ದೈಹಿಕ ಶಿಕ್ಷಣ ಕಲಿಸುವ ನಾನು ಮೈದಾನಕ್ಕೆ ಇಳಿದ ಕೂಡಲೇ ಮೊದಲು ನೋಡುವುದು ಅಂಚಿನಲ್ಲಿ ಕೈಕಟ್ಟಿ ನಿಂತವರನ್ನು. ಆಟದಲ್ಲಿ ಚುರುಕಾದವರು ಶಿಕ್ಷಕರಿರಲಿ, ಇಲ್ಲದಿರಲಿ, ಆಡಿಯೇ ತೀರುತ್ತಾರೆ. ನಿಂತೇ ಇರುವವರನ್ನು ಸೋಮಾರಿಗಳೆಂದುಬಿಡುವುದು ಸುಲಭ; ಆದರೆ ಅವರಲ್ಲಿ ಬಹಳಷ್ಟು ಮಂದಿಯನ್ನು ಹೊರಗಿಟ್ಟಿರುವುದು ನಾವು ಆಡಿಸುವ ಆಟದ ನಿಯಮಗಳೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ನನಗೆ ಸ್ಪಷ್ಟವಾದದ್ದು ಸ್ಟಾಪ್‌ವಾಚ್‌ನಿಂದ. ಇಡೀ ತರಗತಿಯನ್ನು ಗಮನಿಸುವ ಬದಲು ಒಂದು ಅವಧಿಯಲ್ಲಿ ಒಬ್ಬಳೇ ಹುಡುಗಿಯನ್ನು ಆರಿಸಿಕೊಂಡು, ಅವಳು ಓಡುವಾಗ, ನೆಗೆಯುವಾಗ, ಚೆಂಡಿನ ಬೆನ್ನು ಹತ್ತುವಾಗ ಮಾತ್ರ ಗಡಿಯಾರ ಓಡಿಸಿ, ಅವಳು ನಿಂತೊಡನೆ ಅದನ್ನೂ ನಿಲ್ಲಿಸುತ್ತ ಹೋದೆ. ಸಾಲಿನಲ್ಲಿ ಸರದಿಗೆ ಕಾಯುವುದು, ಸೂಚನೆ ಕೇಳುವುದು, ಮುಟ್ಟಾಟದಲ್ಲಿ ಎಲ್ಲರಿಗಿಂತ ಮೊದಲೇ ಔಟಾಗಿ ಗೆರೆಯಾಚೆ ಕೂರುವುದು, ಇವುಗಳಲ್ಲೇ ಅವಳ ಅವಧಿಯ ಬಹುಪಾಲು ಕಳೆದಿತ್ತು. ನಿಧಾನವಾಗಿ ಓಡುವವರು ಮೊದಲು ಔಟಾಗುತ್ತಾರೆ, ಔಟಾದವರು ಕೂರುತ್ತಾರೆ. ಹೀಗಾಗಿ ಯಾರಿಗೆ ಓಟ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮಧ್ಯಮದಿಂದ ತೀವ್ರ ಮಟ್ಟದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕು, ವಾರಕ್ಕೆ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆಯೂ ಅದರಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. 2016ರ ಮಾಹಿತಿಯನ್ನು ಆಧರಿಸಿ ಆ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಜಾಗತಿಕ ಅಧ್ಯಯನದಂತೆ, 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ಶೇಕಡ 81ರಷ್ಟು ಮಂದಿಗೆ ಸಾಕಷ್ಟು ಚಟುವಟಿಕೆ ಇರಲಿಲ್ಲ. ಹುಡುಗಿಯರಲ್ಲಿ ಈ ಪ್ರಮಾಣ ಶೇಕಡ 85. ಇಷ್ಟು ದೊಡ್ಡ ಕೊರತೆಯನ್ನು ಮಕ್ಕಳ ಸ್ವಭಾವದ ಮೇಲೆ ಹೊರಿಸುವುದು ನ್ಯಾಯವಲ್ಲ.

ಆದ್ದರಿಂದ ನಾನು ನಿಯಮಗಳನ್ನೇ ಬದಲಿಸಿದೆ. ಮುಟ್ಟಾಟದಲ್ಲಿ ಸಿಕ್ಕಿಬಿದ್ದವರು ಕೂರುವಂತಿಲ್ಲ. ಪಕ್ಕದಲ್ಲಿಟ್ಟ ಹಗ್ಗವನ್ನು ಹತ್ತು ಸಲ ಜಿಗಿದು ಮರಳಿ ಆಟಕ್ಕೆ ಇಳಿಯಬೇಕು. ಹಗ್ಗದ ಜಿಗಿತದಿಂದ ಮೂಳೆಗಳಿಗೂ ಬಲ ಬರುತ್ತದೆ, ಆ ವಯಸ್ಸಿನಲ್ಲಿ ಅದು ಬಹಳ ಮುಖ್ಯ. ದೊಡ್ಡ ತಂಡಗಳನ್ನು ಒಡೆದು ನಾಲ್ಕು ನಾಲ್ಕು ಮಂದಿಯ ತಂಡಗಳನ್ನು ಮಾಡಿ, ಪ್ರತಿ ಜೋಡಿ ತಂಡಕ್ಕೂ ಬೇರೆ ಚೆಂಡು, ಬೇರೆ ಚಿಕ್ಕ ಅಂಕಣ ಕೊಟ್ಟೆ. ಯಾರಾದರೂ ಚೆಂಡೇ ಸಿಗದೆ ಉಳಿಯುವ ಸಂದರ್ಭ ಅಲ್ಲಿ ಬಹುತೇಕ ಇರುವುದಿಲ್ಲ. ನಾಯಕರು ಒಬ್ಬೊಬ್ಬರನ್ನೇ ಕರೆದು ತಂಡ ಕಟ್ಟುವ ಪದ್ಧತಿಯನ್ನು ಪೂರ್ತಿ ಕೈಬಿಟ್ಟೆ, ಏಕೆಂದರೆ ಎಲ್ಲರೆದುರು ಕೊನೆಯವರಾಗಿ ಉಳಿಯುವ ಅವಮಾನವನ್ನು ಯಾವ ಆಟವೂ ತೊಡೆದುಹಾಕಲಾರದು. ಓಟವನ್ನು ಶಿಕ್ಷೆಯಾಗಿ ಕೊಡುವುದನ್ನಂತೂ ನಾನು ಒಪ್ಪುವುದೇ ಇಲ್ಲ.

ಹುಡುಗಿಯರ ವಿಷಯದಲ್ಲಿ ನಿಯಮ ಬದಲಿಸಿದರಷ್ಟೇ ಸಾಲಲಿಲ್ಲ. ಹೆಸರು ಬರೆಯದೆ ಚೀಟಿಯಲ್ಲಿ ಅನಿಸಿಕೆ ಬರೆದುಕೊಡಲು ಹೇಳಿದಾಗ, ಸುತ್ತ ನಿಂತು ನೋಡುವವರಿಂದಾಗುವ ಮುಜುಗರ, ಮೈಗಂಟುವ ಉಡುಪು, ಮುಟ್ಟಿನ ದಿನಗಳ ಆತಂಕ ಇವೇ ಮತ್ತೆ ಮತ್ತೆ ಕಾಣಿಸಿಕೊಂಡವು. ಆಟವೇ ಇಷ್ಟವಿಲ್ಲ ಎಂದವರು ವಿರಳ. ಸಡಿಲ ಉಡುಪಿಗೆ ಒಪ್ಪಿಗೆ ದೊರಕಿಸಿದೆ, ನೋಡುಗರಿಗೆ ಎದುರಾಗದ ಮೂಲೆಯಲ್ಲಿ ಒಂದು ಅಂಕಣ ಹಾಕಿದೆ, ಮುಟ್ಟಿನ ದಿನಗಳಲ್ಲಿ ಏನು ಮಾಡಬೇಕೆಂಬುದನ್ನು ಅವರ ಆಯ್ಕೆಗೇ ಬಿಟ್ಟೆ. ಕಾರಣ ಕೇಳುವುದಿಲ್ಲವೆಂಬ ಭರವಸೆ ಮೂಡಿದ ಮೇಲೆ, ಆ ದಿನಗಳಲ್ಲೂ ನಡಿಗೆಗೋ ನೃತ್ಯಕ್ಕೋ ಹಲವರು ತಾವಾಗಿಯೇ ಬಂದರು.

ಮನಸ್ಸಿನ ಮೇಲಾಗುವ ಪರಿಣಾಮವನ್ನು ಅಳೆಯುವ ಸಾಧನ ನನ್ನ ಬಳಿ ಇಲ್ಲ. ಆದರೆ ಚಟುವಟಿಕೆಯಿಂದ ಖಿನ್ನತೆಯ ಲಕ್ಷಣಗಳು ತಗ್ಗುತ್ತವೆ ಎಂದು ಆ ಮಾರ್ಗಸೂಚಿಯೇ ಹೇಳುತ್ತದೆ, ಮತ್ತು ತಂಡದಲ್ಲಿ ತನಗೊಂದು ಜಾಗವಿದೆ ಎಂದು ತಿಳಿದ ಮಗುವಿನ ಮುಖದಲ್ಲಿ ನಾನದನ್ನು ಕಂಡಿದ್ದೇನೆ. ಹಾಗೆಂದು ಆಟವೇ ಚಿಕಿತ್ಸೆಯೆಂದು ನಂಬುವವನು ನಾನಲ್ಲ. ದೀರ್ಘಕಾಲ ಮಂಕಾಗಿರುವ, ನಿದ್ದೆ ಊಟ ಬಿಟ್ಟ ಮಗುವಿನ ವಿಷಯವನ್ನು ಪೋಷಕರಿಗೂ ಆಪ್ತಸಮಾಲೋಚಕರಿಗೂ ತಡಮಾಡದೆ ತಿಳಿಸುತ್ತೇನೆ.

ಪರೀಕ್ಷೆ ಹತ್ತಿರವಾದಾಗ ಆಟದ ಅವಧಿಯನ್ನು ಬೇರೆ ಪಾಠಕ್ಕೆ ಕೇಳುವುದು ಸಾಮಾನ್ಯ. ಇತರ ಶಿಕ್ಷಕರ ಒತ್ತಡ ನನಗೆ ಅರ್ಥವಾಗುತ್ತದೆ. ಆದರೂ ಅವಧಿಯನ್ನು ಬಿಟ್ಟುಕೊಡದೆ, ಪಾಠಗಳ ನಡುವೆ ಮಕ್ಕಳನ್ನು ಹತ್ತು ನಿಮಿಷ ಹೊರಗೆ ಓಡಾಡಿಸಿ ಕಳುಹಿಸಲು ನಾನೇ ಬರುತ್ತೇನೆ ಎಂದು ಅವರಿಗೆ ಹೇಳುತ್ತೇನೆ.