ಹಕ್ಕಿ ಎಣಿಕೆಯಿಂದ ತತ್ವಪದಕ್ಕೆ: ನನ್ನ ಅನುಭವ

ವನ್ಯಜೀವಿ ಸಂರಕ್ಷಣೆಯ ಕೆಲಸ ಬಿಟ್ಟು, ಅನುಭಾವದ ಹಾಡುಗಳಾದ ತತ್ವಪದಗಳನ್ನು ಹಾಡುವುದಕ್ಕೆ, ಧ್ವನಿಮುದ್ರಿಸುವುದಕ್ಕೆ ಹೊರಟಾಗ ಮನೆಯವರಿಗಿಂತ ಹೆಚ್ಚು ತಕರಾರು ತೆಗೆದವರು ನನ್ನ ಸಹೋದ್ಯೋಗಿಗಳು. ನಮ್ಮ ಭಾಗದ ಕುರುಚಲು ಕಾಡು, ಹುಲ್ಲುಗಾವಲುಗಳ ಬಗ್ಗೆ ಕೆಲಸ ಮಾಡುವವರೇ ಕಡಿಮೆ, ನೀನೂ ಹೊರಟರೆ ಹೇಗೆ ಎಂದರು. ನ್ಯಾಯವಾದ ಮಾತು. ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇಂದಿಗೂ ಇಲ್ಲ. ಆದರೆ ಈ ದಾಟುವಿಕೆ ಹೇಗೆ ಸಾಧ್ಯವಾಯಿತು ಎಂಬುದನ್ನು ಹೇಳಬಲ್ಲೆ.

ಚಿಂಚೋಳಿ ವನ್ಯಜೀವಿಧಾಮದಲ್ಲಿ, ಅದರಲ್ಲೂ ಚಂದ್ರಂಪಳ್ಳಿ ಜಲಾಶಯದ ಸುತ್ತ, ಹಕ್ಕಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಗೊತ್ತುಪಡಿಸಿದ ಜಾಗದಲ್ಲಿ ಅಲುಗಾಡದೆ ನಿಂತು, ಕೇಳಿದ ಪ್ರತಿ ಕೂಗನ್ನೂ ದಿಕ್ಕು, ಅಂದಾಜು ದೂರದ ಸಮೇತ ಬರೆದುಕೊಳ್ಳುವುದು ನಮ್ಮ ಸಮೀಕ್ಷೆಯ ಕ್ರಮ. ಚಳಿಗಾಲದಲ್ಲಿ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಹೋಗುತ್ತಿದ್ದೆವು. ಮಧ್ಯ ಏಷ್ಯಾದ ಎತ್ತರದ ನೆಲದಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಸದ್ದು ದಂಡೆಯ ತುಂಬ. ಕಿವಿ ಪಳಗಿದ್ದು ಅಲ್ಲಿಯೇ.

ತತ್ವಪದ ನನಗೆ ಹೊಸದಲ್ಲ. ಕಡಕೋಳ ಮಡಿವಾಳಪ್ಪನವರ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ಪದಗಳು ಕಲಬುರಗಿ ಸೀಮೆಯಲ್ಲಿ ಯಾರ ಕಿವಿಗೆ ಬಿದ್ದಿಲ್ಲ! ಆದರೆ ಕಲಿಯಲು ಕುಳಿತದ್ದು ಯಡ್ರಾಮಿ ಕಡೆಯ ಹಿರಿಯರೊಬ್ಬರ ಎದುರಿಗೆ. ಅವರ ಏಕತಾರಿಯ ಬುರುಡೆ ಎಣ್ಣೆ ಕುಡಿದು ಕಪ್ಪಾಗಿದೆ, ತಂತಿ ಒಂದೇ. ಅವರು ಪೇಟಿಯ (ಹಾರ್ಮೋನಿಯಂನ) ಮನೆ ಹಿಡಿದು ಶ್ರುತಿ ಮಾಡುವುದಿಲ್ಲ. ಮೊದಲು ಒಂದು ಸಾಲು ಹಾಡಿಕೊಂಡು, ಆ ಕಂಠಕ್ಕೆ ತಂತಿಯನ್ನು ಬಿಗಿಯುತ್ತಾರೆ. ಅಮಾವಾಸ್ಯೆಯ ಭಜನೆ ಮಧ್ಯರಾತ್ರಿ ದಾಟಿ ಕಂಠ ಕಾದಂತೆ ಇನ್ನೊಂದಿಷ್ಟು ಬಿಗಿ. ಪೇಟಿಯವನು ಅವರ ಹಿಂದೆ ಬರಬೇಕೇ ಹೊರತು ಅವರು ಪೇಟಿಯ ಹಿಂದೆ ಹೋಗುವುದಿಲ್ಲ. ಇದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು, ಇನ್ನೂ ಹಿಡಿಯುತ್ತಿದೆ.

ಕೆಲಸವನ್ನು ಒಮ್ಮೆಲೇ ಬಿಡಲಿಲ್ಲ. ವಲಸೆ ಹಕ್ಕಿಗಳ ಕಾಲದಲ್ಲಿ ಗುತ್ತಿಗೆಯ ಮೇಲೆ ಸಮೀಕ್ಷೆ, ಉಳಿದ ತಿಂಗಳು ಹಾಡು. ಆಮೇಲೆ ನಾಟಕಗಳಿಗೆ ಹಿನ್ನೆಲೆ ಸಂಗೀತ, ಶಾಲೆಗಳಲ್ಲಿ ಪಾಠ ಸಿಕ್ಕಿದ ಮೇಲೆ ಸಮೀಕ್ಷೆ ನಿಲ್ಲಿಸಿದೆ. ಆದಾಯ ಮೊದಲಿಗಿಂತ ಕಡಿಮೆ, ಮೇಲಾಗಿ ಏರುಪೇರು. ಸಂಬಳದ ಲೆಕ್ಕದಲ್ಲಿ ಸಾಲ ಮಾಡಿಕೊಂಡವರು ಆ ಸಾಲ ತೀರಿಸಿಯೇ ಈ ಕಡೆ ಬರುವುದು ಒಳ್ಳೆಯದು.

ಕಾಡಿನಿಂದ ತಂದ ಅಭ್ಯಾಸಗಳಲ್ಲಿ ದೊಡ್ಡದು ಟಿಪ್ಪಣಿ ಪುಸ್ತಕ. ಊರು, ತಿಥಿ, ಹೊತ್ತು, ಹಾಡಿದವರು, ಅವರು ಯಾರಿಂದ ಕಲಿತರು, ಜೊತೆಗಿದ್ದ ವಾದ್ಯ, ಇವಿಷ್ಟನ್ನು ಅಲ್ಲಿಯೇ ಬರೆಯುತ್ತೇನೆ. ಒಂದೇ ಪದ ಜೇವರ್ಗಿಯಲ್ಲಿ ಒಂದು ನಡೆ, ಶಹಾಪುರದಲ್ಲಿ ಇನ್ನೊಂದು ನಡೆ, ಸಾಲುಗಳೂ ಹಿಂದುಮುಂದು. ಅಚ್ಚಾದ ಪುಸ್ತಕ ಹಿಡಿದು ಹಾಡುವವರನ್ನು ತಿದ್ದಲು ಹೋಗುವುದು ಅಪಚಾರ ಎಂದೇ ನನ್ನ ನಂಬಿಕೆ. ಕೇಳಿದ್ದನ್ನು ಕೇಳಿದಂತೆ ದಾಖಲಿಸಬೇಕು.

ಧ್ವನಿಮುದ್ರಣದ ವಿಷಯದಲ್ಲಿ ಒಂದೆರಡು ಮಾತು. ದಮ್ಮಡಿ ಎಂಬ ಚರ್ಮವಾದ್ಯದ ಪೆಟ್ಟು ಮತ್ತು ಗೆಜ್ಜೆ ಸದ್ದನ್ನು ಒಡೆದುಬಿಡುತ್ತವೆ. ಹಾಗಾಗಿ ಅತಿ ಜೋರಿನ ಗಳಿಗೆಯಲ್ಲೂ ಮಟ್ಟ ಮೈನಸ್ 12 ಡೆಸಿಬಲ್ (ಯಂತ್ರದ ಗರಿಷ್ಠ ಮಿತಿಗಿಂತ 12 ಕೆಳಗೆ) ದಾಟದಂತೆ, ಮೆಲು ಸದ್ದೂ ಸ್ಪಷ್ಟವಾಗಿ ಉಳಿಯುವ 24 ಬಿಟ್‌ನಲ್ಲಿ ಇಡುತ್ತೇನೆ. ಯಂತ್ರವನ್ನು ಪೇಟಿಯಿಂದ ದೂರ, ಹಾಡುವವರ ಎದೆಯ ಮಟ್ಟಕ್ಕೆ ಇಡುವುದು ಮೇಲು. ಹಕ್ಕಿ ಕೂಗಿಗೆ ಕೊಂಡ ಗಾಳಿತಡೆಯ ತುಪ್ಪಳದ ಹೊದಿಕೆ ಮಠದ ಬಯಲಿನಲ್ಲೂ ಅಷ್ಟೇ ಉಪಯೋಗಕ್ಕೆ ಬರುತ್ತದೆ.

ಮುದ್ರಿಸಿದ್ದರ ಪ್ರತಿಯನ್ನು ಬೆಳಗಾಗುವುದರೊಳಗೆ ಹಾಡಿದವರ ಮೊಬೈಲ್‌ಗೆ ಹಾಕಿಕೊಟ್ಟೇ ಊರು ಬಿಡುತ್ತೇನೆ. ಬೇರೆಯವರಿಗೆ ಕೇಳಿಸಬಹುದೇ ಎಂದು ಅವರು ಅದನ್ನು ಕೇಳಿದ ಮೇಲೆಯೇ ವಿಚಾರಿಸುತ್ತೇನೆ. ಕೆಲವರು ಬೇಡ ಎಂದಿದ್ದಾರೆ. ಆ ಪದಗಳು ನನ್ನ ಬಳಿಯೇ ಇವೆ.