ಕಪಾಟಿನ ಹಳದಿ ಬಾಟಲಿಗಳ ಲೆಕ್ಕ ಕೊನೆಗೂ ಕೂಡಿತು

ನಮ್ಮ ವಿಭಾಗದ ಕಪಾಟಿನಲ್ಲಿ ಹಳೆಯ ಪಿಎಚ್‌ಡಿ ಹುಡುಗರು ಬಿಟ್ಟುಹೋದ ಯುರೇನೈಲ್ ನೈಟ್ರೇಟ್ (ಯುರೇನಿಯಂನ ಹಳದಿ ಲವಣ) ದ್ರಾವಣದ ಬಾಟಲಿಗಳು ಮೂವತ್ತರ ಹತ್ತಿರ ಇದ್ದವು. ಅರ್ಧಕ್ಕೆ ಚೀಟಿಯೇ ಇಲ್ಲ. ವಿಲೇವಾರಿಗೆ ಮುಂಚೆ ಯುರೇನಿಯಂ ಎಷ್ಟು, ಆಸಿಡ್ ಎಷ್ಟು ಅಂತ ಬರೆದು ಕೊಡಬೇಕಿತ್ತು. ಬೇಗ ಕ್ಷಯಿಸುವ ವಿಕಿರಣಶೀಲ ರಂಜಕ-32 ಆಗಿದ್ದರೆ ಐದು ತಿಂಗಳು ಸುಮ್ನೆ ಮುಚ್ಚಿಟ್ಟರೆ ಸಾಕಿತ್ತು. ಯುರೇನಿಯಂ ಅರ್ಧಕ್ಕೆ ಇಳಿಯಲು ಬೇಕಾದ ಅರ್ಧಾಯುಷ್ಯವೇ ಸುಮಾರು 450 ಕೋಟಿ ವರ್ಷ, ಕಾಯುವ ಮಾತೇ ಇಲ್ಲ.

"ಹೊರಗೆ ಕೊಡಿ ಸರ್, ಇಲ್ಲಾಂದ್ರೆ ಆಟೋ ಟೈಟ್ರೇಟರ್ ತಗೊಳ್ಳಿ" ಅಂದರು ಎಲ್ಲರೂ. ತಾನೇ ಹನಿ ಬಿಟ್ಟು ಅಳೆಯುವ ಆ ಯಂತ್ರದ ಕೊಟೇಶನ್ ಆರು ಲಕ್ಷ ದಾಟಿತ್ತು. ನಾನು ಹಳೆಯ ಪಿಎಚ್ ಮೀಟರನ್ನು ಮಿಲಿವೋಲ್ಟ್‌ಗೆ ತಿರುಗಿಸಿ, ಪ್ಲಾಟಿನಂ ಎಲೆಕ್ಟ್ರೋಡ್ ಹಾಕಿ, ಸಿರಿಂಜ್‌ನಲ್ಲಿ ಡೈಕ್ರೋಮೇಟ್ ತುಂಬಿ, ತೂಕದ ಲೆಕ್ಕದಲ್ಲಿ ಡೇವಿಸ್-ಗ್ರೇ (ಡೈಕ್ರೋಮೇಟ್ ಬಿಟ್ಟು ಯುರೇನಿಯಂ ಅಳೆಯುವ ವಿಧಾನ) ಮಾಡಿದೆ. ಖರ್ಚು ಒಂಬತ್ತು ಸಾವಿರದ ಆಸುಪಾಸು, ಎಲೆಕ್ಟ್ರೋಡ್‌ಗೇ ಜಾಸ್ತಿ ಹೋಯಿತು. ಮಾಮೂಲಿ ಅಳತೆಯಲ್ಲಿ ಮಾಡಿದ್ದರೆ ಕ್ರೋಮಿಯಂ, ಫಾಸ್ಫಾರಿಕ್ ಆಸಿಡ್ ಸೇರಿದ ಹೊಸ ಕೊಳೆನೀರೇ ಕ್ಯಾನ್‌ಗಟ್ಟಲೆ ಆಗುತ್ತಿತ್ತು. ಅದಕ್ಕೇ ಅಳತೆಯನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದೆ.

ಮೊದಲ ಮೂರು ವಾರ ಬರೀ ಸೋಲು. ಒಂದು ಬಾಟಲಿ ಲೀಟರಿಗೆ 11 ಗ್ರಾಂ ಅಂತ ತೋರಿಸಿತು. ಎತ್ತಿ ಬೆಳಕಿಗೆ ಹಿಡಿದರೆ ತಳದಲ್ಲಿ ಅರಿಶಿನದಂಥ ಗಸಿ ಕೂತಿದೆ! ಯಾರೋ ಅಮೋನಿಯಾ ಹಾಕಿ ಬಿಟ್ಟಿದ್ದರು, ಯುರೇನಿಯಂ ಗಸಿಯಾಗಿ ಕೆಳಗಿಳಿದಿತ್ತು. ನಾನು ಮೇಲಿನ ತಿಳಿಯನ್ನಷ್ಟೇ ತೆಗೆದಿದ್ದೆ. ಅಳೆದು ನೈಟ್ರಿಕ್ ಹಾಕಿ, ರಾತ್ರಿಯಿಡೀ ಬಿಟ್ಟು, ಗಸಿಯೆಲ್ಲ ಕರಗಿದ ಮೇಲೆ ನೋಡಿದರೆ 19.

ಆಸಿಡ್ ಇನ್ನೂ ಕಾಡಿಸಿತು. ಆಸಿಡ್ ಅಳೆಯಲು ನೇರ ಕಾಸ್ಟಿಕ್ ಸೋಡಾ ಬಿಟ್ಟರೆ ಯುರೇನಿಯಂ ತಾನೂ ಕ್ಷಾರ ಕುಡಿಯುತ್ತದೆ, ಲೆಕ್ಕ ಉಬ್ಬುತ್ತದೆ. ಪೊಟ್ಯಾಸಿಯಂ ಆಕ್ಸಲೇಟ್ ಹಾಕಿ ಯುರೇನಿಯಂನ ಕೈ ಕಟ್ಟಿದ ಮೇಲೆ ಸರಿಹೋಯಿತು. ಗೊತ್ತಿರುವಷ್ಟು ಆಸಿಡ್ ಬೆರೆಸಿ ನಾನೇ ಪರೀಕ್ಷೆ ಮಾಡಿದೆ, ಶೇಕಡಾ ಎರಡರೊಳಗೆ ಬಂತು. ಆಟೋ ಟೈಟ್ರೇಟರ್ ಬೇಕೇ ಬೇಕು ಅಂದವರಿಗೆ ಆ ಹಾಳೆಯನ್ನೇ ತೋರಿಸಿದೆ. ಆಕ್ಸಲೇಟನ್ನು ಯಾವ ಪಿಎಚ್‌ಗೆ ಕೂರಿಸಿದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ನಿಮ್ಮ ಎಲೆಕ್ಟ್ರೋಡ್‌ನಲ್ಲಿ ನೀವೇ ಹುಡುಕಿಕೊಳ್ಳಿ.

ನಡುವೆ ಒಂದು ಸಂಜೆ ಯುವಿ ಲ್ಯಾಂಪ್ ಹಿಡಿದು ಕೂತೆ. ಮಾದರಿಗೆ ಒಂದು ಹನಿ ಫಾಸ್ಫಾರಿಕ್ ಹಾಕಿದರೆ ಹಸಿರು ಹೊಳಪು ಎಷ್ಟು ಚೆಂದ ಗೊತ್ತಾ! ಒಂದು ಮಾತ್ರ ಹೊಳೆಯಲೇ ಇಲ್ಲ. ಬೇರೆ ಟ್ಯೂಬಿನಲ್ಲಿ ಸಿಲ್ವರ್ ನೈಟ್ರೇಟ್ ಬಿಟ್ಟೆ, ಬಿಳಿ ಮೊಸರು. ಕ್ಲೋರೈಡ್ ಸೇರಿಕೊಂಡಿತ್ತು, ಅದೇ ಹೊಳಪನ್ನು ಕೊಂದಿದ್ದು. ಆ ಬಾಟಲಿಯನ್ನು ಬೇರೆ ಇಟ್ಟೆ.

ಈಗ ಬಾಕಿ ಎರಡೇ. ಅವುಗಳಲ್ಲಿ ಮೇಲೆ ಟಿಬಿಪಿ (ಟ್ರೈಬ್ಯುಟೈಲ್ ಫಾಸ್ಫೇಟ್, ಯುರೇನಿಯಂ ಹೀರಿಕೊಳ್ಳುವ ದ್ರಾವಕ) ಬೆರೆತ ಸೀಮೆಎಣ್ಣೆಯ ಪದರ ಇದೆ. ನೈಟ್ರಿಕ್ ಜೊತೆ ಅದನ್ನು ಬಿಸಿ ಮಾಡುವ ಹಾಗೇ ಇಲ್ಲ, ಸಿಡಿದೀತು, ಅಲ್ವಾ? ತಣ್ಣಗೆ ಸೆಪರೇಟಿಂಗ್ ಫನಲ್‌ನಲ್ಲಿ ಬೇರ್ಪಡಿಸಿ, ಕೆಳಗಿನ ನೀರಿನ ಭಾಗವನ್ನಷ್ಟೇ ಸಿರಿಂಜ್‌ಗೆ ಕೊಡುತ್ತೇನೆ.