ಕಾರ್ಬನ್ ದೀಪ ಹೊತ್ತಿಸುವ ಬಗೆ

ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯ ಇಂಜಿನಿಯರಿಂಗ್ ಹುಡುಗನೊಬ್ಬ ಕಲಬುರಗಿಯ ಗುಜರಿ ಅಂಗಡಿಯಿಂದ ಒಂದು ತಗಡಿನ ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಕೊಂಡು ಬಂದು ನನ್ನ ಕಟ್ಟೆಯ ಮುಂದೆ ಇಳಿಸಿದ. ಹಿಂಬದಿಯಲ್ಲಿ ತೂತಿರುವ ಬಟ್ಟಲುಗನ್ನಡಿ, ಮುಂದೆ ಶಂಖಾಕಾರದ ಮೂತಿ, ಮೇಲೆ ಹೊಗೆ ಕೊಳವೆ. ಸಿನಿಮಾ ಪ್ರೊಜೆಕ್ಟರಿನ ಆರ್ಕ್ ಲ್ಯಾಂಪ್, ಅಂದರೆ ಎರಡು ಕಾರ್ಬನ್ ಕಡ್ಡಿಗಳ ತುದಿಗಳ ನಡುವೆ ವಿದ್ಯುತ್ತಿನ ಜ್ವಾಲೆ ಹೊತ್ತಿಸಿ ಬೆಳಕು ಪಡೆಯುವ ದೀಪ. ಅಫಜಲಪುರ, ಜೇವರ್ಗಿ, ಸೇಡಂ ಎಂದು ಟೂರಿಂಗ್ ಟಾಕೀಸಿನ ಜೊತೆ ಅಲೆದು, ಆಮೇಲೆ ಊರಿನ ಚಿತ್ರಮಂದಿರದಲ್ಲಿ ಆಪರೇಟರ್ ಆಗಿದ್ದವನು ನಾನು. ಆ ಪೆಟ್ಟಿಗೆಯ ಮುಂದೆ ನನ್ನ ಹುಬ್ಬುಗಳು ಎಷ್ಟು ಸಲ ಸುಟ್ಟಿವೆಯೋ ಲೆಕ್ಕವಿಲ್ಲ. ನಾಲ್ಕು ಸಂಜೆ ಕೂತು ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕಣ್ಣು. ಆರ್ಕಿನ ಬೆಳಕಿನಲ್ಲಿ ನೇರಳಾತೀತ ಕಿರಣಗಳಿರುತ್ತವೆ. ತಂಪು ಕನ್ನಡಕ, ಎಕ್ಸ್‌ರೇ ಹಾಳೆ ಯಾವುದೂ ನಡೆಯದು. ವೆಲ್ಡಿಂಗ್ ಅಂಗಡಿಯಲ್ಲಿ 14ನೇ ನಂಬರಿನ ಕಪ್ಪು ಗಾಜು ಕೇಳಿ ತನ್ನಿ. ಕೈ ತುಂಬಾ ತೋಳಿನ ದಪ್ಪ ಹತ್ತಿ ಅಂಗಿ ಹಾಕಿಕೊಳ್ಳಿ. ಬರಿಗಣ್ಣಿನಲ್ಲಿ ನೋಡಿದರೆ ಆ ಕ್ಷಣ ಏನೂ ಆಗುವುದಿಲ್ಲ, ಅದೇ ಮೋಸ. ಜೇವರ್ಗಿಯಲ್ಲಿ ಒಮ್ಮೆ ಸೊಕ್ಕಿನಿಂದ ಇಣುಕಿದೆ. ಮಧ್ಯರಾತ್ರಿ ಎರಡೂ ಕಣ್ಣಿಗೆ ಬಿಸಿ ಮರಳು ಸುರಿದಂತಾಗಿ, ಬೆಳಗಿನವರೆಗೆ ಟೆಂಟಿನ ಮೂಲೆಯಲ್ಲಿ ಒದ್ದೆ ಬಟ್ಟೆ ಕಟ್ಟಿಕೊಂಡು ಬಿದ್ದಿದ್ದೆ.

ಎರಡನೆಯದು ಒಳಗಿನ ತಂತಿ. ಹಳೆಯ ಲ್ಯಾಂಪುಗಳಲ್ಲಿ ತಂತಿಯ ಮೇಲೆ ಬಿಳಿ ನಾರಿನ ಹೊದಿಕೆ ಇದ್ದರೆ ಅದು ಆಸ್ಬೆಸ್ಟಾಸ್, ಉಸಿರಿಗೆ ಸೇರಿದರೆ ಕೇಡು ಮಾಡುವ ನಾರು, ಎಂದೇ ತಿಳಿಯಿರಿ. ಕೆರೆಯಬೇಡಿ, ಕೊಡವಬೇಡಿ. ಬಲ್ಲವರಿಂದ ಹಾಗೆಯೇ ತೆಗೆಸಿ, ಹೊಸ ಶಾಖನಿರೋಧಕ ತಂತಿ ಹಾಕಿಸಿ.

ಈಗ ಕಡ್ಡಿ. ನಮಗೆ ಬರುತ್ತಿದ್ದವು ತಾಮ್ರದ ಲೇಪವಿದ್ದ ಕಾರ್ಬನ್‌ಗಳು: ಪಾಸಿಟಿವ್ 8 ಮಿಲಿಮೀಟರ್, ನೆಗೆಟಿವ್ 7. ಪಾಸಿಟಿವ್ ಕಡ್ಡಿಯ ನಡುವೆ ಪೆನ್ಸಿಲ್ಲಿನ ಸೀಸದಂತೆ ಒಂದು ಮೆದು ತಿರುಳು, ಅದರಲ್ಲಿ ಸೀರಿಯಂನಂಥ ವಿರಳ ಧಾತುಗಳ ಲವಣ. ಹಾಲಿನಂಥ ಬಿಳುಪು ಬರುತ್ತಿದ್ದುದು ಅದರಿಂದ. ಅಂಥ ಕಡ್ಡಿ ಈಗ ಸಿಗುವುದು ಕಷ್ಟ. ಹುಡುಗ ಪೇಚಾಡುತ್ತಿದ್ದಾಗ ನನಗೆ ಹೊಳೆದದ್ದು ವಾಡಿ, ಶಹಾಬಾದ್ ಕಡೆಯ ವರ್ಕ್‌ಶಾಪುಗಳು. ಅಲ್ಲಿ ಕಬ್ಬಿಣವನ್ನು ಕೊರೆದು ತೆಗೆಯಲು ಬಳಸುವ ಗೌಜಿಂಗ್ ಕಡ್ಡಿಯೂ ತಾಮ್ರದ ಅಂಗಿ ತೊಟ್ಟ ಕಾರ್ಬನ್ನೇ, ಒಂದು ಅಡಿ ಉದ್ದ. ತಿರುಳಿಲ್ಲದ ಕಾರಣ ಅದರಲ್ಲಿ ಆರ್ಕ್ ಒಂದೆಡೆ ನಿಲ್ಲದೆ ಕಡ್ಡಿಯ ಅಂಚಿನಲ್ಲಿ ಸುತ್ತುತ್ತದೆ, ಬೆಳಕೂ ಸ್ವಲ್ಪ ಮಂಕು. ಆದರೆ ಕಲಿಯಲು ಸಾಕು.

ವಿದ್ಯುತ್ತಿನ ಮಾತಿಗೆ ಬಂದರೆ, ಮನೆಯ ಪ್ಲಗ್ಗಿಗೆ ನೇರವಾಗಿ ಜೋಡಿಸುವ ಯೋಚನೆಯನ್ನು ಇಲ್ಲಿಯೇ ಬಿಟ್ಟುಬಿಡಿ. ಆರ್ಕಿನ ಸ್ವಭಾವ ವಿಚಿತ್ರ. ಕರೆಂಟ್ ಹೆಚ್ಚಿದಷ್ಟೂ ಅದರ ಅಡ್ಡಿ ಇಳಿಯುತ್ತದೆ, ಅಡ್ಡಿ ಇಳಿದಷ್ಟೂ ಕರೆಂಟ್ ಏರುತ್ತದೆ. ಮೂಗುದಾರವಿಲ್ಲದ ಹೋರಿ. ಆದ್ದರಿಂದ ಸಾಲಿನಲ್ಲಿ ತಡೆಯೊಂದು ಇರಲೇಬೇಕು. ನಮ್ಮ ಟೆಂಟಿನಲ್ಲಿ ಡೀಸೆಲ್ ಎಂಜಿನ್ನಿನ ಡೈನಮೋ, ಅದಕ್ಕೆ ಸುರುಳಿ ತಂತಿಯ ರೆಸಿಸ್ಟೆನ್ಸ್ ಪೆಟ್ಟಿಗೆ. ಕಲಬುರಗಿಯ ಮೇ ತಿಂಗಳಲ್ಲಿ ಆ ಪೆಟ್ಟಿಗೆಯ ಪಕ್ಕ ನಿಲ್ಲುವುದು ರೊಟ್ಟಿಯ ಹಂಚಿನ ಮೇಲೆ ನಿಂತಂತೆ. ಈಗ ಒಂದು ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ) ವೆಲ್ಡಿಂಗ್ ಸೆಟ್ ಸಾಕು; ಕರೆಂಟನ್ನು ಅದೇ ಹಿಡಿದಿಡುತ್ತದೆ. 50 ಆಂಪಿಯರಿಗೆ ಇಟ್ಟುಕೊಳ್ಳಿ. ಮೊದಲ ಸಲ ಎಲೆಕ್ಟ್ರಿಷಿಯನ್ ಒಬ್ಬರು ಪಕ್ಕದಲ್ಲಿರಲಿ.

ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಹರಿಯುವ ಮನೆಯ ಕರೆಂಟು, ಏಕೆ ಬೇಡ ಎಂದು ಹುಡುಗ ಕೇಳಿದ. ಡಿಸಿಯಲ್ಲಿ ಪಾಸಿಟಿವ್ ಕಡ್ಡಿ ನೆಗೆಟಿವ್‌ನ ಎರಡು ಪಟ್ಟು, ಕೆಲವೊಮ್ಮೆ ಅದಕ್ಕಿಂತ ಬೇಗ ಸವೆಯುತ್ತದೆ. ಎಸಿಯಲ್ಲಿ ಎರಡೂ ಸಮವಾಗಿ ಸವೆಯುತ್ತವೆ. ರಷ್ಯಾದ ಪಾವೆಲ್ ಯಾಬ್ಲೊಚ್‌ಕೊವ್ 1876ರಲ್ಲಿ ಇದನ್ನೇ ಹಿಡಿದುಕೊಂಡು ಎರಡು ಕಾರ್ಬನ್‌ಗಳನ್ನು ಅಕ್ಕಪಕ್ಕ ನಿಲ್ಲಿಸಿ, ನಡುವೆ ಬಿಳಿ ಮಣ್ಣಿನ ಪಟ್ಟಿ ಇಟ್ಟು ಮೇಣದ ಬತ್ತಿಯಂತೆ ಮಾಡಿದ. 1878ರಲ್ಲಿ ಪ್ಯಾರಿಸ್ಸಿನ ಒಪೆರಾ ಬೀದಿ ಅದರಿಂದ ಬೆಳಗಿತು. ಕಡ್ಡಿಗಳನ್ನು ಸರಿಸುವ ರಗಳೆಯೇ ಇಲ್ಲ. ಆದರೆ ಒಮ್ಮೆ ಆರಿದರೆ ಹೊಸ ಬತ್ತಿಯೇ ಬೇಕು. ಅದು ಬೀದಿಗೆ ಸರಿ, ಪರದೆಗಲ್ಲ. ಎಸಿ ಆರ್ಕ್ ಮಿನುಗುತ್ತದೆ. ಪ್ರೊಜೆಕ್ಟರಿನ ಶಟರ್ ಜೊತೆ ಆ ಮಿನುಗು ಸೇರಿದರೆ ನೋಡುವವರಿಗೆ ತಲೆನೋವು.

ಕಡ್ಡಿಗಳನ್ನು ಹಿಡಿಕೆಗೆ ಸಿಕ್ಕಿಸುವಾಗ ನೆಗೆಟಿವ್ ಕಡ್ಡಿ ಕನ್ನಡಿಯ ತೂತಿನಿಂದ ಮುಂದಕ್ಕೆ ಬರಬೇಕು, ಪಾಸಿಟಿವ್ ಎದುರಿನಿಂದ ಕನ್ನಡಿಗೆ ಮುಖ ಮಾಡಿರಬೇಕು. ಕಾರಣವಿದೆ. ಆರ್ಕಿನ ಬೆಳಕಿನ ಬಹುಪಾಲು ಜ್ವಾಲೆಯದ್ದಲ್ಲ. ಪಾಸಿಟಿವ್ ತುದಿಯಲ್ಲಿ ಬೀಳುವ ಪುಟ್ಟ ಕುಳಿಯದ್ದು. 3,500 ಡಿಗ್ರಿ ಸೆಲ್ಸಿಯಸ್ ದಾಟುವ ಆ ಕುಳಿಯಲ್ಲಿ ಕಾರ್ಬನ್ ಕರಗುವುದಿಲ್ಲ, ನೇರ ಆವಿಯಾಗುತ್ತದೆ. ಆ ಕುಳಿಯನ್ನು ಕನ್ನಡಿ ಪೂರ್ತಿ ನೋಡಬೇಕು.

ಯಾವ ತಂತಿ ಪಾಸಿಟಿವ್ ಎಂಬ ಅನುಮಾನ ಬಂದರೆ ಮೀಟರ್ ಬೇಡ. ನಾಲ್ಕು ಸೆಕೆಂಡು ಹೊತ್ತಿಸಿ ಆರಿಸಿ. ಯಾವ ತುದಿ ಹೆಚ್ಚು ಹೊತ್ತು ಕೆಂಪಗಿರುತ್ತದೋ ಅದು ಪಾಸಿಟಿವ್. ಚಿತ್ತಾಪುರದ ಹತ್ತಿರ ಒಂದು ಹಳ್ಳಿಯಲ್ಲಿ ಎಂಜಿನ್ ನೋಡಿಕೊಳ್ಳುವವನು ತಂತಿ ಅದಲುಬದಲು ಮಾಡಿದ್ದ. ನಾನೂ ಪರೀಕ್ಷೆ ಮಾಡದೆ ಆಟ ಶುರುಮಾಡಿದೆ. ಪರದೆಯ ಮೇಲೆ ಹುಣ್ಣಿಮೆಗೆ ಮೋಡ ಕವಿದಂಥ ಬೆಳಕು, ಕೆಳಗಿನಿಂದ ಸಿಳ್ಳೆ. ಮಾಲೀಕರು ಬೈದದ್ದು ಮಾತ್ರ ನನ್ನನ್ನೇ, ನ್ಯಾಯವಾಗಿಯೇ.

ಹೊತ್ತಿಸುವ ಮುನ್ನ ಮೂತಿಯ ಮುಚ್ಚಳ ಹಾಕಿರಿ, ಶುರುವಿನಲ್ಲಿ ಕಿಡಿ ಸಿಡಿಯುತ್ತದೆ. ಕೊಳವೆಯ ಹೊಗೆ ಹೊರಗೆ ಹೋಗಲು ದಾರಿಯಿರಲಿ. ಹಿಡಿ ತಿರುಗಿಸಿ ಎರಡು ತುದಿಗಳನ್ನು ಹತ್ತಿರ ತನ್ನಿ. ತಣ್ಣನೆಯ ಗಾಳಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ತುದಿಗಳು ತಾಕಿ ಕಾದರೆ ಮಾತ್ರ ನಡುವಿನ ಬಿಸಿ ಆವಿಯಲ್ಲಿ ದಾರಿ ತೆರೆಯುತ್ತದೆ. "ಮುಟ್ಟಿಸು, ಒತ್ತಬೇಡ" ಎನ್ನುತ್ತಿದ್ದರು ನನ್ನ ಉಸ್ತಾದರು. ತಾಕಿದ ಕ್ಷಣ ಹಿಂದಕ್ಕೆಳೆಯಿರಿ. ತಡವಾದರೆ ತುದಿಗಳು ಅಂಟಿಕೊಳ್ಳುತ್ತವೆ, ಕಡ್ಡಿ ಪೂರಾ ಕೆಂಪಾಗಿ ತಾಮ್ರ ಸುರಿಯುತ್ತದೆ.

1810ರ ಆಸುಪಾಸಿನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ಮಾಡಿ ತೋರಿಸಿದ್ದೂ ಇದನ್ನೇ. ಎರಡು ಸಾವಿರ ಸೆಲ್ಲುಗಳ ಬ್ಯಾಟರಿ, ಎರಡು ಇದ್ದಿಲ ತುಂಡು. ಅಡ್ಡವಾಗಿಟ್ಟ ಇದ್ದಿಲುಗಳ ನಡುವಿನ ಜ್ವಾಲೆ ತನ್ನ ಬಿಸಿಗೆ ತಾನೇ ಮೇಲಕ್ಕೆ ಬಾಗಿ ಕಮಾನಾಯಿತು, ಆರ್ಕ್ ಎಂಬ ಹೆಸರು ಅಲ್ಲಿಂದ ಬಂತು.

ಇನ್ನು ಉಳಿದದ್ದು ಅಂತರ, ನಿಜವಾದ ಕಸುಬು ಅದೇ. ಐದಾರು ಮಿಲಿಮೀಟರ್ ಎಂದು ಹೇಳಬಹುದು, ಆದರೆ ಅಳೆಯುವುದು ಕಿವಿ. ಸರಿಯಾಗಿದ್ದರೆ ಆರ್ಕ್ ಹೆಚ್ಚುಕಡಿಮೆ ಸುಮ್ಮನೆ ಇರುತ್ತದೆ. ತೀರ ಹತ್ತಿರವಾದರೆ ಒಗ್ಗರಣೆಯಂತೆ ಚುರ್‍ರೆನ್ನುತ್ತದೆ. ದೂರವಾದರೆ ಜ್ವಾಲೆ ಗಾಳಿಗೆ ಸಿಕ್ಕ ಸೆರಗಿನಂತೆ ಬಡಿದಾಡಿ, ನೇರಳೆ ಬಣ್ಣಕ್ಕೆ ತಿರುಗಿ ಪಟ್ಟೆಂದು ಆರುತ್ತದೆ. 1879ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಚೌಕದಲ್ಲಿ ಹನ್ನೆರಡು ಆರ್ಕ್ ದೀಪ ಹಚ್ಚಿದ ಚಾರ್ಲ್ಸ್ ಬ್ರಷ್, ಕಡ್ಡಿ ಸವೆದಂತೆ ವಿದ್ಯುತ್ ಸುರುಳಿಯೇ ಅದನ್ನು ಸರಿಸುವ ಏರ್ಪಾಟು ಮಾಡಿದ್ದ. ನಮ್ಮ ಲ್ಯಾಂಪಿಗೂ ಮೋಟಾರ್ ಇತ್ತು. ನಾನು ಅದನ್ನು ಎಂದೂ ನಂಬಲಿಲ್ಲ.

ಹುಡುಗನ ಪೆಟ್ಟಿಗೆಯ ಪಕ್ಕದಲ್ಲಿ ಸೂಜಿಯಷ್ಟು ತೂತಿತ್ತು. ಅದು ತುಕ್ಕಿನ ತೂತೆಂದು ಅವನು ಎಂ-ಸೀಲ್ ಹಚ್ಚಿ ಮುಚ್ಚಲು ಹೊರಟಿದ್ದ, ಕೈ ಹಿಡಿದು ನಿಲ್ಲಿಸಿದೆ. ಎದುರಿಗೆ ಒಂದು ಬಿಳಿ ರಟ್ಟು ಇಟ್ಟರೆ ಆರ್ಕಿನ ತಲೆಕೆಳಗಾದ ಚಿತ್ರ ಅದರ ಮೇಲೆ ಬೀಳುತ್ತದೆ: ಮೊಂಡು ಪಾಸಿಟಿವ್, ಚೂಪು ನೆಗೆಟಿವ್, ನಡುವೆ ತೆಳು ಜ್ವಾಲೆ. ಪರದೆ ಅತ್ಯಂತ ಬೆಳ್ಳಗಿರುವಾಗ ಎರಡು ತುದಿ ಎಲ್ಲಿವೆಯೋ ಅಲ್ಲಿ ಪೆನ್ಸಿಲ್ಲಿನಿಂದ ಎರಡು ಗೆರೆ ಎಳೆಯಿರಿ. ಮುಂದೆ ನಿಮ್ಮ ಕೆಲಸ ತುದಿಗಳನ್ನು ಆ ಗೆರೆ ದಾಟದಂತೆ ಕಾಯುವುದು. ಕುಳಿ ಜಾಗ ಬಿಟ್ಟರೆ ಪರದೆಯ ಮೇಲೆ ಕಂದೋ ನೀಲಿಯೋ ಛಾಯೆ ಇಣುಕುತ್ತದೆ. 2,000 ಅಡಿಯ ರೀಲು ಓಡುವುದು 22 ನಿಮಿಷ. ಅಷ್ಟರಲ್ಲಿ ಹತ್ತಾರು ಸಲ ಹಿಡಿ ತಿರುಗಿಸುತ್ತಿದ್ದೆ. ಎಷ್ಟೋ ಚಿತ್ರಗಳ ಕತೆ ನನಗೆ ಇಂದಿಗೂ ಅರ್ಧವೇ ಗೊತ್ತು.

ಆರಿಸಲು ಸೆಟ್ಟಿನ ಸ್ವಿಚ್ ತೆಗೆಯಿರಿ, ಆಮೇಲೆ ಕಡ್ಡಿಗಳನ್ನು ದೂರ ಸರಿಸಿ. ತಕ್ಷಣ ಬಾಗಿಲು ತೆರೆಯಬೇಡಿ; ಕಾದ ಕನ್ನಡಿಗೆ ತಂಗಾಳಿ ಬಡಿದರೆ ಬಿರುಕು ಬಿಡುತ್ತದೆ. ಅರ್ಧ ಗಂಟೆಯ ನಂತರ ಒಣ ಹತ್ತಿ ಬಟ್ಟೆಯಿಂದ ಕನ್ನಡಿಯ ಬೂದಿ ಒರೆಸಿ. ಕೆಳಗಿನ ತಟ್ಟೆಯಲ್ಲಿ ಜೋಳದ ಕಾಳಿನಂಥ ತಾಮ್ರದ ಗುಂಡುಗಳು ಬಿದ್ದಿರುತ್ತವೆ. ನಾನು ಅವುಗಳನ್ನು ಹಾಲಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದೆ, ಡಬ್ಬಿ ತುಂಬಿದಾಗ ಗುಜರಿಯವನು ತೂಕಕ್ಕೆ ಒಯ್ಯುತ್ತಿದ್ದ. ಹುಡುಗ ಮೊದಲ ದಿನದ ಏಳು ಗುಂಡುಗಳನ್ನು ಕಿಸೆಯಲ್ಲಿ ಹಾಕಿಕೊಂಡು ಹೋದ.